ಶಿವರಾತ್ರಿ ದಿನದ ಸೈಕಲ್ ರೇಸು

ಹಲೋ? … ಹಲೋ, ಯಾರು ಮಾತಾಡೋದು? … ಹಲೋ, ಗಾಳಿ ಸಪ್ಪಳ ಬಿಟ್ರ ಏನೂ ಕೇಳವಲ್ದು. ಇಂಗ್ಲಿಷ್ ಪ್ಲೀಸ್, ನನಗ ಡಚ್ ಅಷ್ಟು ಬರೂದಿಲ್ಲ …

ಯಾರು? ಸಂದೀಪ್? ಯಾವ ಸಂದೀಪ್? … ಓ, ಬಾಡ್‌ಹೂವೆಡಾರ್ಪ್ ಊರಾಗಿರೋ, ಇವರ ಆಫೀಸಿನ ಸಂದೀಪ್! ಅಯ್ಯ, ನಿಮ್ಮ ನಂಬರ್ ಅಲ್ಲಲ್ಲ ಇದು, ಯಾರೋ ಡಚ್ಚರು ಅಂತ ಮಾಡಿದ್ದೆ. … ಹಾಂ, ನಾ ಸೌಜನ್ಯಾ. ಇವರ ಫೋನಿಗೆ ಮಾಡಿದ್ರಾ? ರಿಂಗ್ ಆಗ್ತೈತಿ, ಎತ್ತವಲ್ರಾ? ಅವರು ಮನಿಯಾಗಿಲ್ರಿ …

ಮನಿಗೆ ಬಂದ್ರಾ ಅಂದ್ರ? ಎಲ್ಲಿಂದ ಬರಬೇಕು? … ಇಲ್ಲ, ಮುಂಜಾನೆ ಹೋದವರು ಇನ್ನೂ ಬಂದಿಲ್ಲ. ಹಾಲ್‌ಗೆ ಹೋಗ್ಯಾರ. ಇವತ್ತು ಶಿವರಾತ್ರಿ ಅಲ್ಲೇನ್ರಿ, ರಾತ್ರಿ ಜಾಗರಣಿ ಐತಿ. ಮಂಟಪ ಕಟ್ಟಬೇಕು, ಖುರ್ಚಿ ಹಾಕಬೇಕು ಅಂತ ಹೇಳಿ ಹೋಗ್ಯಾರ. ನೀವೂ ಬರ್ರಿ ಸಂಜಿಗೆ. ಮೈಸೂರ ಕಡೆಯವರು ಭಜನಿ ಮುಗಿಯೂ ತನಕ ಬರೂದಿಲ್ಲ, ಫಳಾರಕ್ಕ ಬರೋಬ್ಬರಿ ಹಾಜರ್ ಆಗ್ತಾರ ಅಂತ ನಮ್ಮ ಅತ್ತಿ ನಗ್ತಿರ್ತಾರ …

ಏನು? ಯಾವ ರೇಸು? … ಇಲ್ರಿ. ಇಲ್ಲ ಇಲ್ಲ, ನಿಮಗ ಯಾರೋ ತಪ್ಪು ಹೇಳ್ಯಾರ. ಅದಕ್ಕ ಹೋಗೂದು ಕ್ಯಾನ್ಸಲ್ ಮಾಡ್ಯಾರ ಇವರು …

ಹಾಂ, ಕಾಟ್‌ವೈಕ್ ಸಮುದ್ರದಂಡಿದು. ಆ ಮರಳಾಗ ಓಡಿಸೋ ರೇಸು. ಗೊತ್ತೈತ್ರಿ, ದೀಪಾವಳಿಯಿಂದ ಮನಿಯಾಗ ಅದ ಪಾರಾಯಣ. ಗಾಲಿಗೆ ಗಾಳಿ ಎಷ್ಟು ತುಂಬಬೇಕು, ಮರಳು ಹಸಿ ಇದ್ರ ಎಷ್ಟು, ಒಣಾ ಇದ್ರ ಎಷ್ಟು. ರವಿವಾರಕ್ಕೊಮ್ಮೆ ಕೆಸರು ಮೆತ್ತಿಕೊಂಡು ಎಮ್ಮಿಗತೆ ಬಂದು ನಿಂದರ್ತಿದ್ರು, ನಾ ಬಾಲ್ಕನಿಯಾಗ ಬಕೀಟು ತಗೊಂಡು ತೊಳೀಬೇಕು. ಆದ್ರ ನಿನ್ನಿ ಸಂಜಿಕ ಕುಂದರ್ಸಿ ಹೇಳೀನಿ. ದೇವ್ರು ಬೇಕೋ ಸೈಕಲ್ ಬೇಕೋ, ಒಂದು ಆರಿಸಿಕೊಳ್ರಿ ಅಂತ. ದೇವ್ರು ಅಂದ್ರು. ಇಷ್ಟು ಲಗೂ ಹೆಂಗ ಒಪ್ಪಿಕೊಂಡ್ರು ಅಂತ ನನಗ ಆಶ್ಚರ್ಯ ಆಗಿತ್ತು …

ನೀವು ಚ್ಯಾಷ್ಟಿ ಮಾಡಾಕತ್ತೀರಿ. ಹೌದಿಲ್ಲೋ? … ನೀವ ನೋಡೀರಾ? ಕಣ್ಣಾರೆ? … ನಿಮ್ಮ ಬಾಜೂಕ ನಿಂತಿದ್ರಾ? …

ತಡೀರಿ. ಫೋನ್ ಇಡಬ್ಯಾಡ್ರಿ. ಕೆಳಗ ಬರ್ಗಿಂಗ್‌ಗೆ ಹೋಗಿ ನೋಡ್ತೀನಿ, ಸೈಕಲ್ ಎಲ್ಲಾ ಅಲ್ಲೇ ಇಟ್ಟಿರ್ತೀವಿ. … ಸಪ್ಪಳ ಮಾಡಬಾರ್ದು, ಅತ್ತಿ ದೇವರ ಮುಂದ ಕುಂತಾರ. … ಹಾಂ, ಮೆಟ್ಟಿಲ ಇಳಿಯಾಕತ್ತೀನಿ. ಕಾರು ಇಲ್ಲೇ ನಿಂತೈತಿ. ಟ್ರಾಮಿಗೆ ಹೋಗ್ಯಾರ ಅಂತ ಮಾಡಿದ್ದೆ. … ಈ ಕೀಲಿ ಒಂದು, ತಂಪಿಗೆ ತಿರಗವಲ್ದು …

ಇಲ್ಲ.

ಆಫೀಸಿಗೆ ಹೋಗೋ ಸೈಕಲ್ ಐತಿ, ನಂದೂ ಐತಿ. ದಪ್ಪ ಗಾಲಿದು ಇಲ್ಲ. ಹೆಲ್ಮೆಟ್ಟೂ ಇಲ್ಲ …

ಸುಳ್ಳು ಹೇಳಿ ಹೋಗ್ಯಾರ ಸಂದೀಪ್. ಹಬ್ಬದ ದಿನ ಹಣಿಗೆ ವಿಭೂತಿ ಹಚ್ಚಿಕೊಂಡು, ಅವ್ವನ ಕಾಲಿಗೆ ಬಿದ್ದು, ನನಗ ಸುಳ್ಳು ಹೇಳಿ ಹೋಗ್ಯಾರ. ಬರ್ಲಿ ಮನಿಗೆ. ಸೈಕಲ್ ಒಳಗ ಬಿಡ್ತೀನಿ, ಅವರನ್ನ ಬಿಡಂಗಿಲ್ಲ …

ಏನು? ಮುಗದು ಬಿಟ್ಟೈತಾ? ಯಾವಾಗ ಮುಗೀತು? … ಮತ್ತ ಇವರೆಲ್ಲಿ? … ಬರಲಿಲ್ಲ ಅಂದ್ರ? ಸಂದೀಪ್, ಬರಲಿಲ್ಲ ಅಂದ್ರ ಏನರ್ಥ? …

ನೀವು ಸಮಾಧಾನ ಮಾಡೂದು ಬಿಡ್ರಿ, ಮೊದಲಿಂದ ಹೇಳ್ರಿ. … ಹಾಂ. ನೀವು, ನಿಮ್ಮ ಆಫೀಸಿನ ಮೋಹಿತ್, ಇವರು, ಮೂರೂ ಮಂದಿ ಕೂಡಿ ಹೊಂಟ್ರಿ. … ಹಾಂ. ಹೋಗೋವಾಗ ಬೆನ್ನಿಗೆ ಗಾಳಿ, ನಕ್ಕೋತ ಹೋದ್ರಿ. ನೋರ್ಡ್‌ವೈಕ್ ದಾಟಿ ತಿರಗಿದ ಮ್ಯಾಲೆ ಎದರಗಾಳಿ, ಅದರ ಮ್ಯಾಲೆ ಐಸಿನ ಮಳಿ. … ಆಮೇಲೆ? … ನೀವು ಹೋಗ್ರಿ, ನಾ ಬರ್ತೀನಿ ಅಂತ ಕೈ ಮಾಡಿದ್ರಾ? … ನೀವು ಹೋದ್ರಿ …

ಇಲ್ಲ, ನಿಮ್ಮನ್ನ ಬೈಯಾಕತ್ತಿಲ್ಲ. ಆ ಗಾಳಿಯಾಗ ನಿಂತು ಯಾರು ಯಾರನ್ನ ಕಾಯ್ತಾರ. … ಹಾಂ, ಹೇಳ್ರಿ …

ಅರ್ಧಕ್ಕರ್ಧ ಮಂದಿ ಬಿಟ್ಟು ಹೋಗ್ಯಾರಾ? ಹೇಳಲಾರದ ಹಂಗ ಮನಿಗೆ ಹೋಗಿಬಿಡ್ತಾರಾ? ರೇಸಿನವರು ಇವರೂ ಹಂಗ ಹೋಗಿರಬೇಕು ಅಂದ್ರಾ? … ಅದಕ್ಕ ನೀವು ಬಂದ್ರಾ ಅಂತ ಕೇಳಾಕ ಫೋನ್ ಮಾಡಿದ್ರಿ …

ಇವರು ಬಿಟ್ಟು ಬರೋ ಮನಶ್ಯಾ ಅಲ್ರಿ. ಹೋದ ವರ್ಷ ಅರ್ಧಕ್ಕ ಬಿಟ್ಟು ಬಂದು ಎಂಟು ದಿನ ಮನಿಯಾಗ ಮಾತಾಡಿರಲಿಲ್ಲ. ನೀವೆಲ್ಲ ವಾಟ್ಸಾಪ್‌ನ್ಯಾಗ ಆ ಚಿತ್ರ ಹಾಕಿ ಕಾಡಿಸಿದ್ರಿ, ಸೋಫಾದ ಮ್ಯಾಲೆ ಹೊದ್ದು ಮಲಗಿದ ಸೈಕಲ್ಲು, ನೆನಪೈತಿಲ್ಲೋ? ನಾನೂ ನಕ್ಕಿದ್ದೆ. ಅವರು ನಕ್ಕಿರಲಿಲ್ಲ. ಈ ಸರ್ತಿ ತೆವಳಕೋತರ ಬರ್ತಾರ, ಬಿಡಂಗಿಲ್ಲ. … ಅದ ಹೇಳಾಕತ್ತೀನಿ ನಾನು. ಬಿಟ್ಟಿಲ್ಲ, ಮುಗಿಸಿಲ್ಲ, ಮನಿಗೂ ಬಂದಿಲ್ಲ. ಮತ್ತ ಎಲ್ಲದಾರ? …

ಸಂದೀಪ್, ಒಂದು ಕೇಳ್ತೀನಿ, ಖರೇ ಹೇಳ್ರಿ. ಅವರು ಏನರ ತಿಂದ್ರಾ? … ರೇಸಿಗೆ ಮೊದಲ? … ನಡುವ ಟೆಂಟಿನ್ಯಾಗ ಸೂಪು, ಚಾ ಕೊಡ್ತಾರಲ್ಲ, ಅಲ್ಲಿ? … ಬ್ಯಾಡ ಅಂದ್ರಾ? … ಹೊಟ್ಟಿ ಕೆಟ್ಟೈತಿ ಅಂದ್ರಾ? …

ಹೊಟ್ಟಿ ಕೆಟ್ಟಿಲ್ರಿ. ಉಪಾಸ ಅದಾರ.

ಹೌದು, ನಿಮಗ ಹೇಳಿಲ್ಲ. ಹೆಂಗ ಹೇಳ್ತಾರ? ಹೇಳಿದ್ರ ನೀವು ಬಾಯಾಗ ತುರುಕಿ ತಿನ್ನಿಸ್ತಿದ್ರಿ, ಇಲ್ಲಾ ಸೈಕಲ್ ಕಸಗೊಂಡು ಮನಿಗೆ ಕಳಿಸ್ತಿದ್ರಿ. ನಿಮಗ ಉಪಾಸ ಮುಚ್ಚಿಟ್ರು, ನನಗ ರೇಸು ಮುಚ್ಚಿಟ್ರು. ಎಷ್ಟು ಶ್ಯಾಣ್ಯಾತನ ನೋಡ್ರಿ …

ಅಲ್ಲ, ಹಣ್ಣು-ಹಾಲಿನ ಉಪಾಸ ಅಲ್ಲ. ಅದಾಗಿದ್ರ ಇಷ್ಟು ಹೆದರ್ತಿದ್ದಿಲ್ಲ ನಾನು. ಇದು ನೀರೂ ಇಲ್ಲದ್ದು. ನಿನ್ನಿ ರಾತ್ರಿ ಎರಡು ರೊಟ್ಟಿ ತಿಂದು ಕೈ ತೊಳಕೊಂಡವರು, ಆಮೇಲೆ ಒಂದು ಹನಿ ಬಾಯಾಗ ಹಾಕಿಲ್ಲ. ಮಾರಿ ತೊಳಕೊಂಡ್ರ ತುಟಿಗೆ ನೀರು ತಾಕೀತು ಅಂತ ಮುಂಜಾನೆ ಮಾರಿಯನ್ನ ಒದ್ದಿ ಅರಿವಿಲೆ ಒರಸಿಕೊಂಡ್ರು …

ಯಾಕಂದ್ರ … ಮೆಲ್ಲಕ ಹೇಳ್ತೀನಿ, ಮೆಟ್ಟಿಲ ಏರಾಕತ್ತೀನಿ, ಅತ್ತಿಗೆ ಕೇಳಬಾರ್ದು. ಹೋದ ಮಳಿಗಾಲದಾಗ ಅತ್ತಿ ಹುಬ್ಬಳ್ಳಿಯಾಗ ಐಸಿಯುನ್ಯಾಗ ಇದ್ರಲ್ಲ. ಆವತ್ತು ಇವರಿಗೆ ಫ್ಲೈಟ್ ಸಿಗಲಿಲ್ಲ, ಸ್ಕಿಪೋಲ್‌ನ್ಯಾಗ ಏರ್‌ಪೋರ್ಟ್ ನೆಲದ ಮ್ಯಾಲೆ ಕುಂತು ಹರಕಿ ಹೊತ್ತಾರ. ಅವ್ವ ಎದ್ದು ಕುಂತ್ರ ಶಿವರಾತ್ರಿಗೆ ನೀರೂ ಮುಟ್ಟಂಗಿಲ್ಲ ಅಂತ. ಅತ್ತಿ ಎದ್ದು ಕುಂತ್ರು, ಈಗ ಇಲ್ಲಿಗೆ ಬಂದು ನಮ್ಮ ವೂರ್‌ಬರ್ಗ್ ಮನಿಯಾಗ ಚಕ್ಕಲಿ ಕರೀತಾರ. ಅವರಿಗೆ ಈ ಹರಕಿ ಸುದ್ದಿ ಗೊತ್ತಿಲ್ಲ. ಮುರದ್ರ ಅವ್ವಗ ಮತ್ತೇನರ ಆದೀತು ಅಂತ ಇವರಿಗೆ ಒಳಗೊಳಗ ಹೆದರಿಕಿ. ದೊಡ್ಡ ಎಂಜಿನಿಯರ್ ಆದ್ರೇನು ಬಂತು …

ಏನಂದ್ರಿ? … ಏನು ಕೊಟ್ರು ನಿಮಗ? … ತಮ್ಮ ಬಾಳಿಹಣ್ಣು, ಆ ಸಕ್ಕರಿ ಪಾಕದ ಪಾಕೀಟು ಎಲ್ಲಾ ನಿಮಗ ಕೊಟ್ರಾ? … ನೀವು ತಿಂದ್ರಿ …

ಸಂದೀಪ್. ಸಂದೀಪ್, ಅಳಬ್ಯಾಡ್ರಿ. ಅವರು ಕೊಟ್ರು, ನೀವು ತಿಂದ್ರಿ, ಅದರಾಗ ನಿಮ್ಮದೇನು ತಪ್ಪು? ಅಳೂದಿದ್ರ ಆಮೇಲೆ ಇಬ್ರೂ ಕುಂತು ಅಳೋಣಂತ. ಈಗ ನಾ ಹೇಳೂದು ಕೇಳ್ರಿ. ಇದು ಯಾರ ಫೋನು? … ರೇಸ್ ನಡಸೋ ಅಮ್ಮಂದಾ? ಅಲ್ಲೇ ಅದಾರಾ? ಅವರಿಗೆ ಹೇಳ್ರಿ. ಮನಿಗೆ ಬಂದಿಲ್ಲ ಅಂತ ಹೇಳ್ರಿ. ಹೆಂಡ್ತಿ ಫೋನಿನ್ಯಾಗ ಅದಾಳ, ಸೈಕಲ್ಲೂ ಮನಿಯಾಗಿಲ್ಲ ಅನ್ರಿ. ಮನಿಯಿಂದ ಅಲ್ಲಿತನಕ ಸೈಕಲ್ ತುಳಕೊಂಡ ಬಂದಾರ, ಕಾರ್ ತಂದಿಲ್ಲ ಅನ್ರಿ. ಹೊಟ್ಟಿಗೆ ಅನ್ನ ಇಲ್ಲ, ನೀರಿಲ್ಲ, ಅದನ್ನೂ ಹೇಳ್ರಿ. ಈಗ ಹೇಳ್ರಿ, ನಾ ಕೇಳ್ತೀನಿ …

… ಏನಂತ? ಉಪಾಸ ಅಂದ್ರ ತಿಳೀಲಿಲ್ಲೇನು? ರಮದಾನ್ ಅಂದ್ರ ಇಲ್ಲಿಯವರಿಗೆ ಗೊತ್ತಿರ್ತೈತಿ. ಅದರಂಗ ಅನ್ರಿ, ಆದ್ರ ಹೊತ್ತು ಮುಳಗಿದ ಮ್ಯಾಲೂ ತಿನ್ನಂಗಿಲ್ಲ ಅನ್ರಿ …

ಹಾಂ. … ಈಗ ತಿಳೀತಾ? ಯಾರಿಗೆ ಫೋನ್ ಮಾಡಾಕತ್ತಾರ? … ಒನ್ ಒನ್ ಟೂ. ಮಾಡ್ಲಿ, ಮಾಡ್ಲಿ. … ಇಷ್ಟೊತ್ತು ಅವರೂ ನೋಡಿಲ್ಲ, ನೀವೂ ನೋಡಿಲ್ಲ, ನಾನೂ ಇಲ್ಲಿ ಸಾಬುದಾಣಿ ನೆನಿ ಹಾಕ್ಕೋತ ಕುಂತೀನಿ …

ಸಮುದ್ರದಂಡಿ ಕಾಯೋರು ನಿಮ್ಮನ್ನೂ ಕರಕೊಂಡು ಹೊಂಟಾರಾ? ಜೀಪಿನ್ಯಾಗಾ? ಹತ್ರಿ, ಹತ್ರಿ. ಆ ಅಮ್ಮಗ ಹೇಳ್ರಿ, ಫೋನ್ ನಿಮ್ಮ ಹತ್ರನ ಇರ್ಲಿ ಅಂತ. … ಕೊಟ್ಟಾರಾ? ದೇವ್ರು ಚಲೋ ಮಾಡ್ಲಿ ಅವರಿಗೆ …

ನಾ ಮ್ಯಾಲೆ ಬಂದೆ. ಕಾರಿನ ಕೀಲಿ ಹುಡಕಾಕತ್ತೀನಿ. … ಬರಬ್ಯಾಡಾ? ಯಾಕ? … ಯಾವ ಆಸ್ಪತ್ರಿಗೆ ಒಯ್ತಾರೋ ಗೊತ್ತಿಲ್ಲ. … ಹಾಂ. ಹೌದು. ಡ್ರೈವ್ ಮಾಡ್ಕೋತ ನಿಮ್ಮ ಜೋಡಿ ಮಾತಾಡಾಕೂ ಆಗೂದಿಲ್ಲ. ಕೀಲಿ ಹುಡಕೂದು ಬಿಟ್ಟೆ …

ಅಲ್ಲಿ ಇನ್ನೂ ಬೆಳಕೈತಾ? ಇಲ್ಲಿ ಲೈಟ್ ಹಚ್ಚೋ ಹಂಗ ಆಗೈತಿ. … ಸಮುದ್ರ ಎಲ್ಲೈತಿ ಈಗ? … ಮ್ಯಾಲೆ ಬಂದೈತಾ? … ಮುಂಜಾನೆ ನೀವು ಓಡಿಸಿದ ದಾರಿ ಪೂರಾ ನೀರಾಗ ಹೋತಾ? … ಹೂಂ. ಇಲ್ಲ, ಕೇಳಿದೆ ಅಷ್ಟ …

ಸಂದೀಪ್, ಒಂದು ವಿಚಾರ ಬಂತು. ಅವರ ಫೋನ್ ರಿಂಗ್ ಆಗ್ತೈತಿ ಅಂದ್ರಲ್ಲ. ನಾ ಅತ್ತಿ ಮೊಬೈಲಿಂದ ಮಾಡ್ಕೋತನ ಇರ್ತೀನಿ. ನೀವು ಜೀಪು ಆಗಾಗ ಬಂದ್ ಮಾಡಿಸ್ರಿ, ಕಿವಿಗೊಟ್ಟು ಕೇಳ್ರಿ. ಗಾಳಿ ಐತಿ, ಗೊತ್ತೈತಿ, ಆದ್ರೂ ಕೇಳ್ರಿ. ಅವರ ರಿಂಗು ಆ ಗಿಣಿ ಒದರಿದಂಗ ಇರ್ತೈತಲ್ಲ, ಆಫೀಸಿನ್ಯಾಗ ಎಲ್ಲಾರೂ ಬೈತಿದ್ರಲ್ಲ, ಅದ. … ಅತ್ತಿ, ನಿಮ್ಮ ಮೊಬೈಲ್ ಒಂದೀಟು ಕೊಡ್ರಿ. … ಏನಿಲ್ರಿ, ನಂದು ಚಾರ್ಜ್ ಇಲ್ಲ. … ಇವರದ ಫೋನು, ಹಾಲ್‌ನ್ಯಾಗಿಂದ, ಏನೋ ಸಾಮಾನ ಬೇಕಂತ. ನೀವು ಪೂಜಿ ಮಾಡ್ರಿ …

ಹತ್ತೈತಿ. ರಿಂಗ್ ಆಗಾಕತ್ತೈತಿ. … ಕೇಳ್ತಾ? … ಇನ್ನ ಸ್ವಲ್ಪ ಮುಂದ ಹೋಗ್ರಿ. … ಮತ್ತ ಮಾಡ್ತೀನಿ. … ಈಗ? … ಎತ್ತವಲ್ರು. ಎತ್ರಿ, ಎತ್ರಿ ಒಮ್ಮೆ …

ಏನು? ಕೇಳ್ತಾ? ಖರೇನ ಕೇಳ್ತಾ? … ತಡೀರಿ, ಕಟ್ ಮಾಡ್ತೀನಿ. ಈಗ ನಿಂತಿತಾ? … ನಿಂತಿತು. ಹಂಗಾದ್ರ ಅವರದ. ಇಳೀರಿ, ಓಡ್ರಿ! …

… ಸೈಕಲ್ಲಾ? … ಸೈಕಲ್ ಒಂದನಾ? … ನಂಬರ್ ನೋಡ್ರಿ, ಕೆಸರಾಗ ಎಲ್ಲಾವೂ ಒಂದ ನಮೂನಿ ಕಾಣ್ತಾವ. … ಕೆಂಪು ಹಿಡಿಕಿ. ಹೌದು. ಹುಟ್ಟುಹಬ್ಬಕ್ಕ ನಾನ ಕೊಡಿಸಿದ್ದು …

ಬಿದ್ದೈತೋ, ನಿಂದರ್ಸ್ಯಾರೋ? … ಕಂಬಕ್ಕ ಆನಿಸ್ಯಾರ. ಅಂದ್ರ ಬಿದ್ದಿಲ್ಲ, ತಾವ ಇಳದಾರ. ಬಾಟ್ಲಿ ನೋಡ್ರಿ ಬಾಟ್ಲಿ. … ಎರಡೂ ತುಂಬಿ ಅದಾವಾ? … ನಿಮ್ಮ ಕಣ್ಣಿಗೆ ಕಾಣಲಿ ಅಂತ ತುಂಬಿಕೊಂಡು ಹೋಗ್ಯಾರ. ಇಷ್ಟು ದೂರ ನೀರು ಹೊತಗೊಂಡು ಬಾಯಾರಿಕೊಂಡು ಹೋಗ್ಯಾರ ಪುಣ್ಯಾತ್ಮ …

ಫೋನ್ ಎಲ್ಲಿತ್ತು? … ಜಾಕೆಟ್ ಕಿಸೆದಾಗ. ಮತ್ತ ಜಾಕೆಟ್? … ಜಾಕೆಟ್ ಹ್ಯಾಂಡಲ್ ಮ್ಯಾಲೈತಾ? … ಕೈಗವಸೂ? … ಮಡಚಿ ಇಟ್ಟಾರಾ? …

ಸಂದೀಪ್, ಇದು ಚಲೋ ಅಲ್ಲ.

ಅಲ್ರಿ, ಬೆವತು ತಗದಿಲ್ಲ ಅವರು. ಹಂಗ ತಿಳಕೋಬ್ಯಾಡ್ರಿ. ಲೈಡನ್‌ನ್ಯಾಗ ನಮ್ಮ ಲ್ಯಾಬಿನ್ಯಾಗ ಕೋಲ್ಡ್ ರೂಮ್ ಐತಿ, ಅದರ ಟ್ರೇನಿಂಗ್‌ನ್ಯಾಗ ನಮಗ ಹೇಳ್ಯಾರ. ಮೈ ಒಳಗಿಂದ ತಣ್ಣಗಾಕ್ಕೋತ ಹೋದ್ರ ಕಡೀಕ ಸೆಕಿ ಆದಂಗ ಅನಸ್ತೈತಿ. ನಡುಗು ನಿಂತುಬಿಡ್ತೈತಿ. ಇದ್ದ ಅರಿವಿನೂ ತಗದು ಇಡ್ತಾರ. ಆಮೇಲೆ ಎಲ್ಲರ ಒಂದು ಸಂದಿ ಹುಡಕಿ ಒಳಗ ಸೇರ್ಕೊಂಡು ಮಲಗಿಬಿಡ್ತಾರ. … ಹೌದು, ಅದ. ಜಾಕೆಟ್ ತೋರಿಸ್ರಿ ಅವರಿಗೆ. ಸಮುದ್ರದಂಡಿ ಮಂದಿಗೆ ಅದು ನೋಡಿದ್ರ ತಿಳೀತೈತಿ …

ಹೆಜ್ಜಿ ಮೂಡ್ಯಾವಾ? ಎತ್ತಾಗ ಹೋಗ್ಯಾವ? … ನೀರಿನ ಕಡಿ? … ಇಲ್ಲ. ಸರಿಯಾಗಿ ನೋಡ್ರಿ. … ನೀರು ಅಳಿಸೈತಿ ಅಂದ್ರ ನೀರಿಗೆ ಹೋಗ್ಯಾರ ಅಂತಲ್ಲ. ಅವರಿಗೆ ಈಜು ಬರೂದಿಲ್ಲ, ಸಮುದ್ರ ಅಂದ್ರ ಮೊದಲಿಂದ ಹೆದರ್ತಾರ, ಮೊಣಕಾಲು ತನಕ ಸುದ್ದಾ ಇಳಿಯೋ ಪೈಕಿ ಅಲ್ಲ. ಈ ಕಡಿ ನೋಡ್ರಿ, ಮರಳ ದಿಬ್ಬದ ಕಡಿ. ಅಲ್ಲಿ ಮುಳ್ಳಿನ ಗಿಡ ಒತ್ತಾಗಿ ಬೆಳದಾವಲ್ಲ, ಗಾಳಿ ಮರಿಗೆ ಅಲ್ಲೇ ಹೋಗಿರ್ತಾರ. ನೀರಿನ ಮಾತು ಆಡಬ್ಯಾಡ್ರಿ ನನ್ನ ಮುಂದ …

ಕೂಗ್ರಿ. ಹೆಸರು ಹಿಡದು ಕೂಗ್ರಿ. ಆ ಡಚ್ಚರ ಬಾಯಾಗ 'ವಿಜಯೇಂದ್ರ' ಹೊರಳೂದಿಲ್ಲ, ಏನೇನೋ ಅಂತಾರ, ಅವರಿಗೆ ತಮ್ಮನ್ನ ಕರೀತಾರ ಅಂತ ತಿಳೀಬೇಕಲ್ಲ. ನೀವು ಕೂಗ್ರಿ. ವಿಜು ಅನ್ರಿ, ನಾವು ಮನಿಯಾಗ ಹಂಗ ಕರಿಯೂದು. … ಹಾಂ, ಹಂಗ. ಇನ್ನೂ ಜೋರ …

… ಅತ್ತಿ.

ಯಾವಾಗ ಬಂದ್ರಿ ಇಲ್ಲಿ? … ಇಲ್ರಿ, ಏನೂ ಇಲ್ಲ. … ಕೇಳಿಸ್ಕೊಂಡ್ರಾ? … ಎಲ್ಲಾ? … ಹೌದ್ರಿ. ಹರಕಿ ನಿಮ್ಮ ಸಲುವಾಗಿನ ಹೊತ್ತಿದ್ರು. … ಅತ್ತಿ, ಹಂಗ ಅನಬ್ಯಾಡ್ರಿ. 'ನಾ ಆವಾಗನ ಹೋಗಿಬಿಟ್ಟಿದ್ರ ಚಲೋ ಇತ್ತು' ಅಂತ ನೀವು ಅಂದ್ರ ಅವರು ಸಿಗ್ತಾರೇನು? ಕುಂದರ್ರಿ ಇಲ್ಲಿ. … ಹುಡುಕಾಕತ್ತಾರ, ಭಾಳ ಮಂದಿ ಹುಡುಕಾಕತ್ತಾರ, ಸಿಗ್ತಾರ …

ಹಲೋ, ಸಂದೀಪ್, ಅದೀನಿ, ಅದೀನಿ. ಅತ್ತಿಗೆ ಗೊತ್ತಾತು. ಹೇಳ್ರಿ. … ನಾಯಿ ತಂದಾರಾ? ಜಾಕೆಟ್ ಮೂಸಿಸಿದ್ರಾ? … ಎತ್ತಾಗ ಹೊಂಟೈತಿ? … ದಿಬ್ಬದ ಕಡಿನಾ? ನಾ ಹೇಳಲಿಲ್ಲಾ! …

… ಯಾರು ಒದರಿದ್ರು? … ನನಗೂ ಕೇಳ್ತು. … ಸಂದೀಪ್? ಓಡಾಕತ್ತೀರಾ? … ಸಂದೀಪ್, ಉಸಿರು ತಗೊಂಡು ಮಾತಾಡ್ರಿ. … ಸಂದೀಪ್ …

ಸಿಕ್ರಾ?

ಅತ್ತಿ, ಸಿಕ್ಕಾರ. … ಉಸಿರು? ಉಸಿರೈತಾ? ನೀವ ಬಗ್ಗಿ ನೋಡ್ರಿ, ಯಾರನ್ನೂ ಕೇಳಬ್ಯಾಡ್ರಿ. … ಐತಿ. ಐತಿ ಅತ್ತಿ, ಐತಿ …

ಕೈಕಾಲು ತಿಕ್ಕಬ್ಯಾಡ್ರಿ! ಎಬ್ಬಿಸಿ ನಿಂದರ್ಸಬ್ಯಾಡ್ರಿ. ಇದ್ದಲ್ಲೇ ಹೊದಿಸ್ರಿ, ಕೆಳಗ ಏನರ ಹಾಸ್ರಿ. … ಹುಡುಕೋರ ಜೋಡಿ ನರ್ಸ್ ಬಂದಾರಾ? ಹಂಗಾದ್ರ ಅವರು ಹೇಳಿದಂಗ ಮಾಡ್ರಿ, ನಾ ಸುಮ್ಮನಿರ್ತೀನಿ. … ಆಂಬ್ಯುಲನ್ಸ್ ಎಲ್ಲೈತಿ? … ಮರಳಾಗ ಇಳಿಯಂಗಿಲ್ಲಾ? ದಿಬ್ಬ ಸುತ್ತಿ ಬರಬೇಕಾ? … ಎಷ್ಟೊತ್ತು ಆಗ್ತೈತಂತ? … ಯಾರಿಗೂ ಗೊತ್ತಿಲ್ಲ …

ಕಣ್ಣು ತಗದಾರಾ? … ನಿಮ್ಮ ಗುರುತು ಹಿಡದ್ರಾ? … ಇಲ್ಲ. … ಮಾತು ತೊದಲ್ತೈತಾ? ತೊದಲ್ಲಿ, ಮಾತಾಡ್ಲಿ ಸಾಕು …

ಹಾಂ, ಹೇಳ್ರಿ. ನರ್ಸ್ ಏನಂತಾರ? ಬಿಸಿ ಚಾ? ನುಂಗಾಕ ಆಗ್ತೈತಂತೇನು? … ಆಗ್ತೈತಿ ಅಂದ್ರ ಕೊಡ್ರಿ ಮತ್ತ. ಸಕ್ಕರಿ ಭಾಳ ಹಾಕಿದ್ದು, ಹಾಂ, ಗಾಡಿ ಬರೂ ತನಕ ಅದ ಆಸರ. ಕೊಡ್ರಿ. … ಯಾಕ? … ಹಲ್ಲು ಕಚ್ಚಿ ಹಿಡದಾರಾ? … ಮಾರಿ ತಿರುವ್ತಾರಾ? … ಕಪ್ಪಿಗೆ ಹೊಡದ್ರಾ? ಅಷ್ಟು ಶಕ್ತಿ ಎಲ್ಲಿತ್ತು ಅವರಿಗೆ? …

ಏನಂತಾರ? ಇನ್ನೊಮ್ಮೆ ಹೇಳ್ರಿ, ಗಾಳಿಗೆ ಕೇಳಲಿಲ್ಲ. … 'ಬೆಳಗಾಗಿಲ್ಲ.' … ಬರೇ ಅದನ್ನ ಅಂತಾರಾ? 'ಇನ್ನೂ ಬೆಳಗಾಗಿಲ್ಲ' …

ಭ್ರಮಿ ಅಲ್ರಿ ಅದು. ಶಿವರಾತ್ರಿ ಉಪಾಸ ಮರುದಿನ ಮುಂಜಾನೆ ಪೂಜಿ ಆದ ಮ್ಯಾಲೆ ಬಿಡೂದು. ಯಾರು ಅಂತ ಗುರುತು ಸಿಗವಲ್ದು, ಎಲ್ಲಿ ಅದೀನಿ ತಿಳೀವಲ್ದು, ಹರಕಿ ಒಂದು ನೆನಪೈತಿ. … ಇಲ್ಲ, ಜುಲುಮಿ ಮಾಡಬ್ಯಾಡ್ರಿ, ಗಂಟಲಿಗೆ ಸಿಕ್ಕೀತು. ಬಾಯಿ ಹಿಚಕಬ್ಯಾಡ್ರಿ. ನರ್ಸಿಗೂ ಹೇಳ್ರಿ. ಒಂದು ಕೆಲಸ ಮಾಡ್ರಿ, ಫೋನ್ ಅವರ ಕಿವಿಗೆ ಹಚ್ಚಿ ಹಿಡೀರಿ. ಟೊಪ್ಪಿಗಿ ಒಳಗ ಹಿಡೀರಿ, ಗಾಳಿ ಹೋಗಬಾರ್ದು. ನಾ ಮಾತಾಡ್ತೀನಿ …

ವಿಜು? … ವಿಜು, ನಾ ಸೌಜು …

ಹಾಂ. ಹಾಂ, ನಾನ. … ಬೆಳಗಾಗೈತಿ ವಿಜು. … ಆಗೈತಿ. ಅದು ಕತ್ತಲಲ್ಲ, ಅಲ್ಲಿ ಮಂಜು ಬಿದ್ದೈತಿ, ಅದಕ್ಕ ಹಂಗ ಕಾಣ್ತೈತಿ. ಇಲ್ಲಿ ಹೊತ್ತು ಹೊಂಟೈತಿ, ಅಡಿಗಿಮನಿ ಕಿಡಕಿಯಾಗ ಬಿಸಲು ಬಿದ್ದೈತಿ. ರಾತ್ರಿಯೆಲ್ಲಾ ಜಾಗರಣಿ ಮಾಡೀವಿ ನಾವು. ನಿನ್ನ ಹರಕಿ ಮುಟ್ಟೈತಿ. ಅವ್ವ ಆರಾಮ ಅದಾರ, ನನ್ನ ಬಾಜೂಕ ಕುಂತಾರ. ಈಗ ಅವರು ಕೊಟ್ಟಿದ್ದು ಕುಡಿ …

ಕುಡಿಬಹುದು ವಿಜು. … ನಾ ಯಾಕ ಸುಳ್ಳು ಹೇಳ್ಲಿ? … ವಿಜು …

ನಂಬವಲ್ರು. ಅತ್ತಿ, ನನ್ನ ಮಾತು ನಂಬವಲ್ರು, ನೀವು ಹೇಳ್ರಿ. … ಅತ್ತಿ, ಎಲ್ಲಿ ಹೊಂಟ್ರಿ? ಈಗ ದೇವರ ಮುಂದ ಯಾಕ ಕುಂದರ್ತೀರಿ, ಇಲ್ಲಿ ಬರ್ರಿ, ಮಗನ ಜೋಡಿ ಮಾತಾಡ್ರಿ. ಅತ್ತಿ …

… ಕೇಳ್ತಾ ವಿಜು? ಗಂಟಿ. ಅವ್ವ ಮಂಗಳಾರತಿ ಮಾಡಾಕತ್ತಾರ. ಕೇಳು. ಮುಂಜಾನಿ ಮಂಗಳಾರತಿ. … ಇಲ್ಲೇ ಬರ್ರಿ ಅತ್ತಿ, ಫೋನಿನ ಹತ್ರ ಬಾರಸ್ರಿ. ಇನ್ನೂ ಜೋರ. ಕಣ್ಣೀರು ಆಮೇಲೆ ಒರಸಿಕೊಳ್ರಿ, ಕೈ ಬಿಡಬ್ಯಾಡ್ರಿ. … ಅವ್ವನ ಬಾರಸಾಕತ್ತಾರ ಅಂದ ಮ್ಯಾಲೆ ಇನ್ನೇನೈತಿ ವಿಜು? ಪೂಜಿ ಮುಗೀತು, ಉಪಾಸ ಮುಗೀತು. ಬಾಯಿ ತಗಿ. ತೀರ್ಥ ಅಂತ ತಗೋ. ಒಂದು ಗುಟುಕು …

ಸಂದೀಪ್, ನಿಮಗ ಕೇಳ್ತೈತೇನು? ಈಗ ಹಿಡೀರಿ ಕಪ್ಪು, ಮೆಲ್ಲಕ ತುಟಿಗೆ ಹಚ್ರಿ. … ವಿಜು, ಗಂಟಿ ಕೇಳು, ಗಂಟಿ ಕೇಳ್ಕೋತ ಬಾಯಿ ತಗಿ … ತಗದ್ರಾ? … ಸಂದೀಪ್? ನುಂಗಿದ್ರಾ? … ಹಲೋ? ನುಂಗಿದ್ರೇನು ಹೇಳ್ರಿ … ಹಲೋ? … ನಿಂದರ್ಸಬ್ಯಾಡ್ರಿ ಅತ್ತಿ, ಬಾರಸ್ರಿ, ಬಾರಸ್ಕೋತನ ಇರ್ರಿ … ಹಲೋ, ಸಂದೀಪ್? ಗಾಳಿ ಸಪ್ಪಳ ಬಿಟ್ರ ಏನೂ ಕೇಳವಲ್ದು. ಹಲೋ—